ಡಿಸ್ಟ್ರೋ ಬದಲಿಸುವ ಮುನ್ನ ‘ರ‍್ಯಾಂಕ್’ ಬರೆದು ನೋಡಿ

ಹಳೆಯ 32 ಬಿಟ್ ಯಂತ್ರಗಳಿಗೆ ಇನ್ನು ಯಾವ ಲಿನಕ್ಸ್ ಡಿಸ್ಟ್ರೋ ಗತಿ ಎಂದು ಈ ವಾರ ಬರೆಯಬೇಕೆಂದಿದ್ದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅವುಗಳಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಉಬುಂಟು ಡೆಸ್ಕ್‌ಟಾಪ್ 2017ರಲ್ಲೇ ಕೈಬಿಟ್ಟಿತ್ತು. ಡೆಬಿಯನ್ 12 ಹಾಕಿಕೊಂಡವರು ಸದ್ಯ ಅದರಲ್ಲೇ ಇರಲಿ. ಉಳಿದದ್ದು ಮುಂದೆ, ಯಾಕೆಂದರೆ ಅದಕ್ಕಿಂತ ಮುಖ್ಯವಾದ ಮಾತೊಂದು ಎದುರಾಗಿದೆ.

ನಮ್ಮ ಯಲವಿಗಿಯ ಕಾಲೇಜು ಹುಡುಗನೊಬ್ಬ ಮಿಂಟ್ ಬಿಟ್ಟು ಫೆಡೋರಾಕ್ಕೆ ಹೋದ, ಅದನ್ನೂ ಬಿಟ್ಟು ಆರ್ಚ್ ಹಾಕಿಕೊಂಡ. ಮೊನ್ನೆ ಲ್ಯಾಪ್‌ಟಾಪ್ ತಂದು, ‘ಸರ್, ಎಲ್ಲಾ ಛಲೋ ಐತ್ರಿ, ಕನ್ನಡ ಮಾತ್ರ ಸರಿ ಬರವಲ್ದು’ ಎಂದ. ತಂಗಿಯ ಅಭಿನಂದನಾ ಪತ್ರದಲ್ಲಿ ಮೊದಲ ‘ರ‍್ಯಾಂಕ್’ ಎಂದು ಬರೆಯಬೇಕಿತ್ತು. ತೆರೆಯ ಮೇಲೆ ‘ರ್ಯಾಂಕ್’ ಎಂದು ಯಕಾರದ ಪಕ್ಕ ಅರ್ಕಾವತ್ತು ಕೂತಿತ್ತು. ಇದು ಆರ್ಚ್ ತಪ್ಪಲ್ಲ. ‘ಸೂರ್ಯ’ದಲ್ಲಿ ಅರ್ಕಾವತ್ತು ಬೇಕು, ‘ರ‍್ಯಾಲಿ’ಯಲ್ಲಿ ಬೇಡ. ಈ ವ್ಯತ್ಯಾಸವನ್ನು ಯಂತ್ರಕ್ಕೆ ತಿಳಿಸುವುದು ಕಣ್ಣಿಗೆ ಕಾಣದ ಒಂದು ಸಂಕೇತ, ಯುನಿಕೋಡ್‌ನ 200ಡಿ. ಮೊದಲು ರಕಾರ, ಅದರ ನಂತರ ಈ ಸಂಕೇತ, ಆಮೇಲೆ ಹಲಂತ, ಕೊನೆಗೆ ಯಕಾರ. ಹಿಂದಿನ ಕೆಲವು ತಂತ್ರಾಂಶಗಳಲ್ಲಿ ಹಲಂತ ಮೊದಲು, ಸಂಕೇತ ನಂತರ ಬರುತ್ತಿತ್ತು. ಅಕ್ಷರ ಜೋಡಿಸುವ ಹಾರ್ಫ್‌ಬಝ್ ತಂತ್ರಾಂಶ ಎರಡನ್ನೂ ಒಂದೇ ಎಂದು ಒಪ್ಪಿಕೊಳ್ಳುವಂತೆ ಬರೆದಿದ್ದಾರೆ. ಕನ್ನಡಕ್ಕೆಂದೇ ಹಾಕಿದ ಆ ಸಾಲುಗಳನ್ನು ಓದಿದಾಗ ನನಗೆ ತುಂಬ ಸಂತೋಷವಾಗಿತ್ತು.

ಹುಡುಗನ ಯಂತ್ರದಲ್ಲಿ ಕೀಲಿಮಣೆ ವಿನ್ಯಾಸ ಆ ಸಂಕೇತವನ್ನೇ ಕೊಡುತ್ತಿರಲಿಲ್ಲ. ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್ ತಂತ್ರಾಂಶಕ್ಕೆ ಎಂ17ಎನ್ ವಿನ್ಯಾಸಗಳ ಕಟ್ಟನ್ನು ಸೇರಿಸಿ, ಬೇರೆ ವಿನ್ಯಾಸ ಆರಿಸಿದೆವು. ಅಕ್ಷರ ನೆಟ್ಟಗಾಯಿತು.

ಹೊಸ ಡಿಸ್ಟ್ರೋ ಹಾಕಿದ ಕೂಡಲೇ ವಾಲ್‌ಪೇಪರ್, ಐಕಾನ್ ನೋಡಿ ಮೆಚ್ಚುವವರನ್ನು ಕಂಡರೆ ನನಗೆ ಬೇಸರ. ಡಿಸ್ಟ್ರೋವಾಚ್ ಜಾಲತಾಣದ ಪಟ್ಟಿಯಲ್ಲಿ ಮೇಲಿದೆ ಎನ್ನುವುದೂ ಕಾರಣವಲ್ಲ. ಆ ಪಟ್ಟಿ ಎಣಿಸುವುದು ಪುಟ ತೆರೆದವರನ್ನು, ಬಳಸುವವರನ್ನಲ್ಲ. ಆರ್ಚ್‌ನಂತೆ ಆವೃತ್ತಿಗಳಿಲ್ಲದೆ ಸದಾ ಹೊಸದಾಗುತ್ತಲೇ ಇರುವ ‘ರೋಲಿಂಗ್’ ಪಂಥದವರ ಜತೆ ನನ್ನ ಜಗಳ ಹಳೆಯದು. ಆರ್ಚ್‌ನಲ್ಲಿ ಅರ್ಧಂಬರ್ಧ ಅಪ್‌ಡೇಟ್‌ಗೆ ಬೆಂಬಲವಿಲ್ಲ. ಹೊಲದ ಕೆಲಸದ ನಡುವೆ ತಿಂಗಳುಗಟ್ಟಲೆ ಯಂತ್ರ ಮುಟ್ಟದೆ, ಒಂದು ಫಾಂಟ್ ಬೇಕೆಂದು ಕೂತರೆ ಇಡೀ ವ್ಯವಸ್ಥೆಯ ಅಪ್‌ಡೇಟನ್ನೇ ಮೊಬೈಲ್ ಡೇಟಾದಲ್ಲಿ ಇಳಿಸಿಕೊಳ್ಳಬೇಕು. ನಡುವೆ ಕರೆಂಟ್ ಹೋಯಿತೋ, ಬ್ಯಾಟರಿ ಸತ್ತ ಯಂತ್ರ ಅಲ್ಲೇ ನಿಲ್ಲುತ್ತದೆ. ಡೆಬಿಯನ್‌ನಲ್ಲೂ ನಿಲ್ಲುತ್ತದೆ, ಆದರೆ ಹೆಚ್ಚಿನ ಸಲ ಅದರ ಪ್ಯಾಕೇಜ್ ಸಾಧನ ಡಿಪಿಕೆಜಿಗೆ, ಬಾಕಿ ಉಳಿದ ಪ್ಯಾಕೇಜುಗಳನ್ನು ಹೊಂದಿಸು ಎಂದು ಒಂದೇ ಸಾಲಿನ ಆಜ್ಞೆ ಕೊಟ್ಟರೆ ಕೆಲಸ ಮುಂದುವರಿಯುತ್ತದೆ.

ಡೆಬಿಯನ್ ಬಗ್ಗೆ ನನ್ನ ಗೌರವಕ್ಕೆ ಇನ್ನೊಂದು ಕಾರಣ 1997ರ ಅದರ ಸಾಮಾಜಿಕ ಒಪ್ಪಂದ. ಬಳಕೆದಾರರಿಗೆ ಮತ್ತು ಮುಕ್ತ ತಂತ್ರಾಂಶಕ್ಕೆ ಆದ್ಯತೆ, ದೋಷಗಳನ್ನು ಮುಚ್ಚಿಡುವುದಿಲ್ಲ ಎಂಬ ವಚನ ಅದರಲ್ಲಿದೆ. ಅದರ ಇನ್‌ಸ್ಟಾಲರ್‌ನಲ್ಲಿ ಕನ್ನಡವನ್ನೇ ಆರಿಸಿಕೊಳ್ಳಬಹುದು. ಅರವಿಂದ ವಿ.ಕೆ. ರೂಪಿಸಿದ ‘ಗುಬ್ಬಿ’, ‘ನವಿಲು’ ಫಾಂಟುಗಳು ಅದರ ಭಂಡಾರದಲ್ಲೇ ಇವೆ.

ಆದ್ದರಿಂದ ಲೈವ್ ಪೆನ್‌ಡ್ರೈವ್‌ನಿಂದ ಯಂತ್ರ ಏಳುತ್ತಿದ್ದಂತೆ ‘ಸೂರ್ಯ, ರ‍್ಯಾಂಕ್, ರಾಷ್ಟ್ರ, ಸ್ತ್ರೀ’ ಎಂದು ಬರೆಯಿರಿ. ಬ್ರೌಸರ್, ಲಿಬ್ರೆಆಫೀಸ್, ಟರ್ಮಿನಲ್ ಮೂರರಲ್ಲೂ ನೋಡಿ. ಟರ್ಮಿನಲ್‌ನಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುವುದು ಇಂದಿಗೂ ಸಾಮಾನ್ಯ. ತಪ್ಪು ಕಂಡರೆ ಡಿಸ್ಟ್ರೋ ಬದಲಿಸಿ ಓಡಬೇಡಿ. ಫಾಂಟಿನ ಹೆಸರು, ಆವೃತ್ತಿ, ತೆರೆಯ ಚಿತ್ರ ಸೇರಿಸಿ ದೋಷ ವರದಿ ಕಳಿಸಿ. ಡೆಬಿಯನ್‌ಗಾದರೆ ಖಾತೆಯೂ ಬೇಡ, ಒಂದು ಇಮೇಲ್ ಸಾಕು.