ಹಾಲ್ ಕಾರ್ಬೈನ್ ಪ್ರಕರಣ: ಮೂಲವೂ ವ್ಯಾಖ್ಯಾನವೂ

ಋಗ್ವೇದದ ಸೋಮವು ಒಂದು ಬಗೆಯ ಅಣಬೆಯೆಂದು 1968ರಲ್ಲಿ ಗ್ರಂಥಮುಖೇನ ವಾದಿಸಿದ ಆರ್. ಗಾರ್ಡನ್ ವಾಸನ್ನರ ಹೆಸರು ವೇದಾಧ್ಯಾಯಿಗಳಿಗೆ ಅಪರಿಚಿತವಲ್ಲ. ಆದರೆ ಅದಕ್ಕೆ ಬಹುಪೂರ್ವದಲ್ಲಿ, 1941ರಲ್ಲಿ, ಅವರು ಅಮೆರಿಕಾ ಸಂಯುಕ್ತ ಸಂಸ್ಥಾನದ ಅಂತರ್ಯುದ್ಧಕಾಲದ ಶಸ್ತ್ರಕ್ರಯವೊಂದನ್ನು ವಿಚಾರಿಸಿ ಗ್ರಂಥವೊಂದನ್ನು ರಚಿಸಿದ್ದರು. ಹಾಲ್ ಕಾರ್ಬೈನುಗಳ ವಿಷಯಕವಾದ ಈ ಗ್ರಂಥವು ಒಂದು ರಾಜಕೀಯ ತನಿಖೆಯ ವರದಿಯನ್ನು ಮುಂದಿನವರು ಹೇಗೆ ಓದಿದರೆಂಬುದರ ಪರೀಕ್ಷೆಯಾಗಿದೆ. ಆದುದರಿಂದ ಮೂಲ ಮತ್ತು ವ್ಯಾಖ್ಯಾನಗಳ ಭೇದವನ್ನು ಬಲ್ಲವರಿಗೆ ಇದು ವಿಚಾರಾರ್ಹವಾದುದು.

ವೃತ್ತಾಂತವು ಸಂಕ್ಷೇಪವಾಗಿ ಹೀಗಿದೆ. ಕಾರ್ಬೈನ್ ಎಂದರೆ ರಾವುತರು ಹಿಡಿಯುವ ಗಿಡ್ಡ ಬಂದೂಕು. ಹಿಂಬದಿಯಿಂದ ಮದ್ದುಗುಂಡುಗಳನ್ನು ತುಂಬುವ ಹಾಲ್ ಕಾರ್ಬೈನುಗಳು 1861ರ ವೇಳೆಗೆ ಹಳೆಯ ಮಾದರಿಯವಾಗಿದ್ದವು. ಆ ವರ್ಷದ ಜೂನ್ ತಿಂಗಳಲ್ಲಿ, ಯುದ್ಧವು ಆರಂಭವಾಗಿ ಎರಡು ತಿಂಗಳಾಗಿದ್ದರೂ, ಯುದ್ಧಶಾಖೆಯು ಸುಮಾರು 5,000 ಕಾರ್ಬೈನುಗಳನ್ನು ತಲಾ 3.50 ಡಾಲರಿನಂತೆ ಆರ್ಥರ್ ಈಸ್ಟ್‌ಮನ್ ಎಂಬವನಿಗೆ ಮಾರಲು ಒಪ್ಪಿತು. ಈಸ್ಟ್‌ಮನ್ನನು ಅವುಗಳನ್ನು 12.50 ಡಾಲರಿನಂತೆ ಸೈಮನ್ ಸ್ಟೀವನ್ಸನಿಗೆ ಕೊಡಲೊಪ್ಪಿದನು. ಸ್ಟೀವನ್ಸನು ಆಗಸ್ಟ್ ತಿಂಗಳಲ್ಲಿ, ಸೇಂಟ್ ಲೂಯಿಯಲ್ಲಿ ಶಸ್ತ್ರಾಭಾವದಿಂದ ಕಳವಳಗೊಂಡಿದ್ದ ಸೇನಾಪತಿ ಫ್ರೆಮಾಂಟನಿಗೆ ತಂತಿ ಕಳುಹಿಸಿ, ತಲಾ 22 ಡಾಲರಿಗೆ ಅವುಗಳನ್ನೇ ಗೊತ್ತುಮಾಡಿದನು. ನಡುವೆ ನಡೆದ ಸಂಸ್ಕಾರವೆಂದರೆ ನಳಿಗೆಯೊಳಗೆ ಸುರುಳಿಗೆರೆಗಳನ್ನು ಕೊರೆಯಿಸಿದ್ದು. ಅದರ ವೆಚ್ಚವಾದರೋ ಅತ್ಯಲ್ಪ. ಸರ್ಕಾರಕ್ಕೆ ಸಲ್ಲಬೇಕಾದ ಹಣಕ್ಕಾಗಿ 20,000 ಡಾಲರು ಸಾಲವಿತ್ತವನು, ಆಗಿನ್ನೂ ಇಪ್ಪತ್ತನಾಲ್ಕು ವರ್ಷದವನಾಗಿದ್ದ ಜೆ. ಪಿ. ಮಾರ್ಗನ್.

ಯುದ್ಧದ ಗುತ್ತಿಗೆಗಳನ್ನು ವಿಚಾರಿಸಲು ಪ್ರತಿನಿಧಿಸಭೆಯು 1861ರ ಜುಲೈ ತಿಂಗಳಲ್ಲಿ ವ್ಯಾನ್ ವೈಕ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿತ್ತು. 17,486 ಡಾಲರಿಗೆ ವಿಕ್ರಯಿಸಿದ 4,996 ಆಯುಧಗಳನ್ನು ಸರ್ಕಾರವು 1,09,912 ಡಾಲರಿಗೆ ಮರಳಿ ಕೊಳ್ಳಲೊಪ್ಪಿತೆಂದೂ, ಹೀಗೆ 92,426 ಡಾಲರು ನಷ್ಟವಾಯಿತೆಂದೂ ಸಮಿತಿಯು ಗಣಿಸಿತು. ಇದು ಮೂಲ.

ಇನ್ನು ವ್ಯಾಖ್ಯಾನ. 1910ರ ಸುಮಾರಿನಲ್ಲಿ ಅಮೆರಿಕದ ಮಹಾಧನಿಕರ ಚರಿತ್ರೆಯನ್ನು ಬರೆದ ಗಸ್ಟೇವಸ್ ಮೈಯರ್ಸರು, ಆ ಬಂದೂಕುಗಳು ತಿರಸ್ಕೃತವಾದವೆಂದೂ, ಹಾರಿಸಿದ ಸೈನಿಕರ ಹೆಬ್ಬೆರಳುಗಳನ್ನೇ ಕೀಳುವಂಥವೆಂದೂ, ಈ ವಂಚನೆಗೆ ಮಾರ್ಗನ್ನನೇ ಕರ್ತೃವೆಂದೂ ನಿರೂಪಿಸಿದರು. ಬಳಿಕ ಬಂದವರು ಮೂಲವನ್ನು ತೆರೆಯದೆ ಇದನ್ನೇ ಅನುವದಿಸಿದರು. ವಾಸನ್ನರ ವಾದವೇನೆಂದರೆ, ಆಯುಧಗಳು ಹಳೆಯ ಮಾದರಿಯವಾದರೂ ಬಳಸದೆ ಇಟ್ಟಿದ್ದವು. ಮಾರ್ಗನ್ನನು ಸಾಲಿಗನೇ ಹೊರತು ವಿಕ್ರೇತೃವಲ್ಲ. ಹೆಬ್ಬೆರಳಿನ ಕಥೆಗೆ ಸಮಿತಿಯ ನಿರ್ಣಯದಲ್ಲಿ ಆಧಾರವಿಲ್ಲ.

ವಾಸನ್ನರು ಸ್ವತಃ ಮಾರ್ಗನ್ ಕೋಠಿಯ ನೌಕರರಾಗಿದ್ದರೆಂಬ ಕಾರಣದಿಂದ ಈ ವಾದವನ್ನು ತಳ್ಳಿಹಾಕುವುದು ನ್ಯಾಯವಲ್ಲ. ವಕ್ತೃವಿನ ಪಕ್ಷಪಾತವು ಪರೀಕ್ಷೆಯನ್ನು ಬಿಗಿಮಾಡಲು ಕಾರಣವಾಗಬಹುದು. ಆದರೆ ದೋಷವನ್ನು ಹೇತುವಿನಲ್ಲಿಯೇ ತೋರಿಸಬೇಕು. ಹಾಗೆ ಪರೀಕ್ಷಿಸಿದಲ್ಲಿ, ಮೈಯರ್ಸರ ಅತಿಶಯೋಕ್ತಿಯ ಖಂಡನವು ನಿಲ್ಲುತ್ತದೆ. ಸಮಿತಿಯ ಒಂದು ಮಾತೂ ಶಿಥಿಲವಾಗುತ್ತದೆ. ಹಿಂದಿನ ದಿನ ಕೊಳ್ಳಲೊಪ್ಪಿದುದನ್ನು ಮರುದಿನ ಮಾರಿದರೆಂದು ಅದು ಆಕ್ಷೇಪಿಸಿತು. ಆದರೆ ಆಗಸ್ಟಿನಲ್ಲಿ ಆದುದು ಹಣಸಂದಾಯ. ವಿಕ್ರಯದ ಒಪ್ಪಂದವು ಜೂನ್ ತಿಂಗಳದೇ.

ಆದರೂ ಗ್ರಂಥಕರ್ತರು ಖಂಡನದಿಂದ ಸಿದ್ಧಾಂತಕ್ಕೆ ಬರುವಾಗ ತ್ವರೆಮಾಡಿದ್ದಾರೆ. ಒಂದು ಆರೋಪವು ಮಿಥ್ಯೆಯಾದಾಗ ಉಳಿದ ಆರೋಪಗಳೂ ಮಿಥ್ಯೆಯಾಗುವುದಿಲ್ಲ. ಸ್ಟೀವನ್ಸನು ತಂತಿಯನ್ನು ಕಳುಹಿಸಿದಾಗ ಸರ್ಕಾರಕ್ಕೆ ಹಣ ಸಂದಿರಲಿಲ್ಲ, ನಳಿಗೆಗಳಲ್ಲಿ ಗೆರೆಗಳೂ ಮೂಡಿರಲಿಲ್ಲ. ಮಾರ್ಗನ್ನನು ಮೊದಲ ಕಂತು ಸಂದೊಡನೆ ವ್ಯವಹಾರದಿಂದ ಹಿಮ್ಮೆಟ್ಟಿದನೆಂಬುದು ನಿಜ. ಆದರೆ ತಿಂಗಳೊಂದಕ್ಕೆ ತುಸು ಮೇಲ್ಪಟ್ಟ ಅವಧಿಯ ಆ ಸಾಲಕ್ಕೆ ಬಡ್ಡಿಯಲ್ಲದೆ 5,000 ಡಾಲರಿಗೂ ಮೇಲ್ಪಟ್ಟ ಕಮಿಷನ್ನನ್ನು ಪಡೆದನೆಂಬುದೂ ನಿಜ. ಸಾಲಿಗನೆಂಬ ಒಂದೇ ಪದದಿಂದ ಇಷ್ಟು ಲಾಭವು ಸಮರ್ಥಿತವಾಗದು.

ಇದಕ್ಕಿಂತ ಗುರುತರವಾದ ನ್ಯೂನತೆ ಮತ್ತೊಂದಿದೆ. ಮಾರ್ಗನ್ನನ ಶುದ್ಧಿ-ಅಶುದ್ಧಿಗಳ ವಿವಾದದಲ್ಲಿ ಮೈಯರ್ಸರೂ ವಾಸನ್ನರೂ ಸಮಿತಿಯ ಮುಖ್ಯ ಪ್ರಶ್ನೆಯನ್ನು ಹಿಂದಿಕ್ಕಿದ್ದಾರೆ. ಯುದ್ಧಮಧ್ಯದಲ್ಲಿ ಶಸ್ತ್ರಗಳನ್ನು ಏಕೆ ಮಾರಲಾಯಿತು? ಒಂದೇ ಸರ್ಕಾರದ ಒಂದು ಕೈ ಮಾರುವುದನ್ನು ಇನ್ನೊಂದು ಕೈ ಏಕೆ ಅರಿಯಲಿಲ್ಲ? 1862ರಲ್ಲಿ ನೇಮಕವಾದ ಹೋಲ್ಟ್-ಓವನ್ ಆಯೋಗವು ಸ್ಟೀವನ್ಸನ ಹಕ್ಕನ್ನು ಬಹುವಾಗಿ ಕಡಿತಗೊಳಿಸಿತು. ಆದರೆ ಕ್ಲೇಮುಗಳ ನ್ಯಾಯಾಲಯವು, ಒಪ್ಪಂದವು ಒಪ್ಪಂದವೇ ಎಂದು, ಪೂರ್ಣ ಬೆಲೆಯನ್ನೇ ಕೊಡಿಸಿತು. ನ್ಯಾಯಶಾಸನದ ದೃಷ್ಟಿಯಿಂದ ಸಾಧುವಾದುದು ಲೋಕಹಿತದೃಷ್ಟಿಯಿಂದಲೂ ಸಾಧುವೆಂಬ ನಿಯಮವಿಲ್ಲ. ಯುದ್ಧಸಚಿವ ಕ್ಯಾಮರಾನ್ 1862ರ ಜನವರಿಯಲ್ಲಿ ಪದಚ್ಯುತನಾದುದೂ, ಏಪ್ರಿಲ್ ತಿಂಗಳಲ್ಲಿ ಪ್ರತಿನಿಧಿಸಭೆಯು ಅವನನ್ನು ಖಂಡಿಸಿದುದೂ, 1863ರ ಮಾರ್ಚಿಯಲ್ಲಿ ಸುಳ್ಳು ಹಕ್ಕುಗಳನ್ನು ಶಿಕ್ಷಿಸುವ ಶಾಸನವು ಹುಟ್ಟಿದುದೂ ಆ ಕಾಲದ ಇಂತಹ ವಿಚಾರಣೆಗಳ ಫಲವೆಂಬುದನ್ನು ಈ ಪ್ರಸಂಗದಲ್ಲಿ ನೆನೆಯಬೇಕು.

ಆದುದರಿಂದ ವಾಸನ್ನರ ಗ್ರಂಥವು ಕಲ್ಪಿತಕಥೆಯ ನಿರಾಕರಣದಲ್ಲಿ ಪ್ರಮಾಣ; ಸಮಗ್ರನಿರ್ಣಯದಲ್ಲಿ ಅಲ್ಲ. ದೂಷಣೆಯನ್ನು ಹಿಗ್ಗಿಸಿದ ಮೈಯರ್ಸರು ಪ್ರತಿಪಕ್ಷಕ್ಕೆ ಸುಲಭವಾದ ಜಯವನ್ನು ಒದಗಿಸಿಕೊಟ್ಟರು. ಹೆಬ್ಬೆರಳಿನ ಕಥೆಯನ್ನು ತೆಗೆದುಹಾಕಿದ ಮೇಲೂ 3.50ಕ್ಕೂ 22ಕ್ಕೂ ಇರುವ ಅಂತರವು ಹಾಗೆಯೇ ಉಳಿದಿದೆ. ಆ ಅಂತರಕ್ಕೆ ಉತ್ತರವನ್ನು ವ್ಯಾಖ್ಯಾನಗಳಲ್ಲಲ್ಲ, ಸಮಿತಿಯ ಮುಂದೆ ನುಡಿದ ಸಾಕ್ಷಿಗಳ ಮಾತುಗಳಲ್ಲಿ ಹುಡುಕತಕ್ಕದ್ದು.