ಸುಲ್ತಾನರ ಹೆಲಿಕಾಪ್ಟರಿಗೆ ವಯಸ್ಸಾದಾಗ

ಜೂನ್ ಮಧ್ಯಾಹ್ನ ಒಮಾನಿನ ಮಸ್ಕತ್ತಿನಲ್ಲಿ ಬಿಸಿಲಿಗೆ ನಿಂತ ಕಾರಿನ ಬಾಗಿಲು ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಅದೇ ಬಿಸಿಲು ಹೆಲಿಕಾಪ್ಟರನ್ನೂ ಕಾಡುತ್ತದೆ. ಕಾದ ಗಾಳಿ ತೆಳುವಾಗುತ್ತದೆ, ರೋಟರಿಗೆ ಹಿಡಿತ ಸಿಗುವುದಿಲ್ಲ. ಜಬಲ್ ಅಖ್ದರ್ ಬೆಟ್ಟದ ಸೈಕ್ ಪ್ರಸ್ಥಭೂಮಿಗೆ ಹೋಗಬೇಕೆಂದರೆ ಸುಮಾರು 2,000 ಮೀಟರ್ ಏರಬೇಕು. ಮುಸಂದಮ್ ಪ್ರಾಂತ್ಯವಂತೂ ಎಮಿರೇಟ್ಸ್ ನೆಲದಾಚೆ ತುಂಡಾಗಿ ಬಿದ್ದಿದೆ. ಇಂಥ ನಾಡಿನ ದೊರೆಗೆ ಹೆಲಿಕಾಪ್ಟರ್ ಶೋಕಿಯ ವಸ್ತುವಲ್ಲ.

ಒಮಾನಿನಲ್ಲಿ ದೊರೆಯನ್ನು ಹಾರಿಸುವ ಕೆಲಸ ರಾಯಲ್ ಫ್ಲೈಟ್ ಎಂಬ ವಿಭಾಗದ್ದು, ವಾಯುಪಡೆಯದಲ್ಲ. ಅಲ್ಲಿ ವರ್ಷಾನುಗಟ್ಟಲೆ ದುಡಿದವು ಫ್ರಾನ್ಸಿನ ಪೂಮಾ, ಸೂಪರ್ ಪೂಮಾಗಳು. ನನಗೆ ಮೆಚ್ಚುಗೆಯಾದ ಆಯ್ಕೆಯಿದು. ಉತ್ತರ ಸಮುದ್ರದ ಎಣ್ಣೆ ಬಾವಿಗಳಿಗೆ ಕೆಲಸಗಾರರನ್ನು ಹೊತ್ತೊಯ್ಯುತ್ತಿದ್ದ ಯಂತ್ರವೇ ಇಲ್ಲಿ ಅರಸನನ್ನೂ ಹೊತ್ತಿತು. ಹಾಗಾಗಿ ಬಿಡಿಭಾಗಕ್ಕೆ, ನುರಿತ ಮೆಕ್ಯಾನಿಕ್ಕಿಗೆ ಬರವಿರಲಿಲ್ಲ.

ನಮ್ಮ ದೆಹಲಿ ಗಣ್ಯರಿಗೆ ಹೊಸ ಹೆಲಿಕಾಪ್ಟರ್ ಕೊಳ್ಳಲು ಹೋಗಿ ಕೈ ಸುಟ್ಟುಕೊಂಡಿತು. ಪಾಲಂ ವಾಯುನೆಲೆಯಲ್ಲಿದ್ದ ರಷ್ಯಾದ ಎಂಐ-8 ಹೆಲಿಕಾಪ್ಟರುಗಳು ಮುದಿಯಾಗಿದ್ದವು. ಹೊಸದು 6,000 ಮೀಟರ್ ಏರಬೇಕೆಂಬ ಷರತ್ತಿಗೆ ಮೊದಲು ನಿಂತದ್ದು ಸೂಪರ್ ಪೂಮಾದ ವಂಶದ್ದೇ ಆದ ಇಸಿ-225 ಒಂದೇ. ಒಂದೇ ಇದ್ದರೆ ಪೈಪೋಟಿ ಎಲ್ಲಿ ಎಂದು ಎತ್ತರವನ್ನು 4,500 ಮೀಟರಿಗೆ ಇಳಿಸಿದರು. ಇಳಿಸಿದ ಕೈಯೇ ಒಳಗಿನ ಕ್ಯಾಬಿನ್ನಿಗೆ 1.8 ಮೀಟರ್ ಎತ್ತರವಿರಬೇಕೆಂದು ಬರೆಯಿತು. ಗಣ್ಯರು ತಲೆ ಬಗ್ಗಿಸದೆ ಓಡಾಡಬೇಕಲ್ಲ! ಇಸಿ-225 ಆಚೆ ಹೋಯಿತು, ಕಣದಲ್ಲಿ ಮತ್ತೆ ಒಂದೇ ಉಳಿಯಿತು, ಎಡಬ್ಲ್ಯು-101. 2013ರ ಸಿಎಜಿ ವರದಿ ಬೆರಳಿಟ್ಟದ್ದು ಇದೇ ಜಾಗಕ್ಕೆ. ಲಂಚದ ಆರೋಪ ಮೇಲೆದ್ದು, 12 ಹೆಲಿಕಾಪ್ಟರುಗಳ ಸುಮಾರು 3,600 ಕೋಟಿಯ 2010ರ ಒಪ್ಪಂದ 2014ರ ಜನವರಿ 1ರಂದು ರದ್ದಾಯಿತು. ಅಷ್ಟರಲ್ಲಿ ಬಂದಿದ್ದವು ಮೂರು. ಲಂಚದ ಕಥೆ ಎಲ್ಲರ ಬಾಯಲ್ಲೂ ಇದೆ; ನನ್ನನ್ನು ಕಾಡುವುದು ಆ 1.8 ಮೀಟರ್. ಯಂತ್ರ ಹಾರಬೇಕಾದ ಬೆಟ್ಟಕ್ಕಿಂತ ಕೂರುವವರ ತಲೆಗೆ ಹೆಚ್ಚು ತೂಕ ಬಿತ್ತು.

ಅಮೆರಿಕದವರೂ ಜಾಣರೇನಲ್ಲ. ಅಧ್ಯಕ್ಷರಿಗೆಂದು ಶುರುಮಾಡಿದ ವಿಎಚ್-71 ಯೋಜನೆ ಬೇಡಿಕೆ ಸೇರಿಸುತ್ತ ಹೋದಂತೆ ದುಬಾರಿಯಾಗಿ 2009ರಲ್ಲಿ ನಿಂತಿತು. ಆಮೇಲೆ ಬಂದ ವಿಎಚ್-92 ಪರೀಕ್ಷೆಯಲ್ಲಿ ಶ್ವೇತಭವನದ ಹುಲ್ಲು ಸುಟ್ಟಿತು.

ಇನ್ನು ವಯಸ್ಸಿನ ಮಾತು. 2016ರ ಏಪ್ರಿಲ್ 29ರಂದು ನಾರ್ವೆಯಲ್ಲಿ ಇಸಿ-225 ಒಂದರ ಮುಖ್ಯ ರೋಟರ್ ಆಕಾಶದಲ್ಲೇ ಕಳಚಿ 13 ಜನ ಸತ್ತರು. ಅದು ಮುದಿ ಯಂತ್ರವಲ್ಲ, 2009ರಲ್ಲಿ ತಯಾರಾದದ್ದು. ಗೇರ್‌ಬಾಕ್ಸಿನೊಳಗೆ ಸುತ್ತುವ ಎಂಟು ಹಲ್ಲುಚಕ್ರಗಳಲ್ಲಿ ಒಂದರ ಒಳಮೈಯಲ್ಲಿ ಕೂದಲೆಳೆಯ ಬಿರುಕು. ಬಿರುಕು ಬಿಟ್ಟಾಗ ಉದುರುವ ಲೋಹದ ಚೂರನ್ನು ಹಿಡಿಯಲೆಂದೇ ಅಲ್ಲೊಂದು ಆಯಸ್ಕಾಂತವಿರುತ್ತದೆ. ಈ ಬಿರುಕು ಒಳಗೊಳಗೇ ಹರಿದಿದ್ದರಿಂದ ಅದಕ್ಕೆ ಸುಳಿವೇ ಹತ್ತಲಿಲ್ಲ.

2024ರ ಮೇ 19ರಂದು ಹೆಲಿಕಾಪ್ಟರ್ ಬಿದ್ದು ಸತ್ತ ಇರಾನಿನ ಅಧ್ಯಕ್ಷ ರೈಸಿ ಇದ್ದದ್ದು ಹಳೆಯ ಬೆಲ್-212ರಲ್ಲಿ. ಎಲ್ಲರೂ ಯಂತ್ರದ ವಯಸ್ಸನ್ನೂ ಅಮೆರಿಕದ ನಿರ್ಬಂಧಗಳನ್ನೂ ದೂರಿದರು. ಇರಾನಿನ ತನಿಖೆ ಹೇಳಿದ್ದು ಬೆಟ್ಟದ ದಟ್ಟ ಮಂಜಿನ ಕಥೆ.

ಒಮಾನಿನ ಸಲಾಲಕ್ಕೂ ಜೂನಿನಿಂದ ಸೆಪ್ಟೆಂಬರ್‌ವರೆಗೆ ಖರೀಫ್ ಎಂಬ ಮಳೆಗಾಲದ ಮಂಜು ಇಳಿಯುತ್ತದೆ. ಸುತ್ತಲಿನ ಧೋಫಾರ್ ಬೆಟ್ಟಗಳು ಕಣ್ಣಿಗೇ ಸಿಗುವುದಿಲ್ಲ. ಹೊಸ ಹೆಲಿಕಾಪ್ಟರಿನ ಟೆಂಡರಿನಲ್ಲಿ ಕ್ಯಾಬಿನ್ ಎಷ್ಟೆತ್ತರ, ಸೀಟಿಗೆ ಯಾವ ಚರ್ಮ ಎಂದು ಬರೆಯಲು ಜನರಿದ್ದಾರೆ. ಅಂಥ ಮಂಜಿನ ಬೆಳಿಗ್ಗೆ ಅರಮನೆಗೆ ಫೋನ್ ಮಾಡಿ, ಇವತ್ತು ಹಾರುವುದು ಬೇಡ, ಕಾರಿನಲ್ಲಿ ಹೊರಡಿ ಎನ್ನುವ ಪೈಲಟ್ಟಿಗೆ ಆ ಕಾಗದದಲ್ಲಿ ಒಂದು ಸಾಲಾದರೂ ಬೇಕು.