ಬಡಾವಣೆಯ ಗಡಿ ದಾಟುವ ನೀರು: ವೆಚ್ಚ ಯಾರದು?

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು ಅಥವಾ ಚನ್ನರಾಯಪಟ್ಟಣದ ಕಡೆಗೆ ಬಸ್ಸಿನಲ್ಲಿ ಹೊರಟರೆ, ಹೊಲಗಳ ನಡುವೆ ಕಲ್ಲು ನೆಟ್ಟು ಗುರುತಿಸಿದ ನಿವೇಶನಗಳನ್ನು ನೀವು ನೋಡಿರಬಹುದು. ಒಳಗೆ ರಸ್ತೆ, ಚರಂಡಿ, ವಿದ್ಯುತ್ ಕಂಬ ಇರುತ್ತವೆ. ಆ ಚರಂಡಿ ಕೊನೆಗೆ ಎಲ್ಲಿಗೆ ಸೇರುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ?

ಒಂದು ಸರಳ ಲೆಕ್ಕ ಮಾಡೋಣ. 10 ಎಕರೆ ಎಂದರೆ 4,35,600 ಚದರ ಅಡಿ. ರಸ್ತೆ, ಉದ್ಯಾನ ಇತ್ಯಾದಿಗಳಿಗೆ ಬಿಟ್ಟು ಶೇ. 55ರಷ್ಟು ನಿವೇಶನಗಳಾದರೆ, 30×40 ಅಡಿಯ ಸುಮಾರು 200 ನಿವೇಶನಗಳು ಸಿಗುತ್ತವೆ. ಮನೆಗೆ ಐವರಂತೆ 1,000 ಜನ. ಒಳಚರಂಡಿ ಇರುವ ನಗರಗಳಿಗೆ ತಲಾ ದಿನಕ್ಕೆ 135 ಲೀಟರ್ ನೀರು ಎಂಬುದು ಕೇಂದ್ರದ ಮಾನದಂಡ. ಆದ್ದರಿಂದ ದಿನಕ್ಕೆ 1,35,000 ಲೀಟರ್ ಬೇಕು. ಅದರ ಶೇ. 80, ಅಂದರೆ 1,08,000 ಲೀಟರ್, ಕೊಳಚೆಯಾಗಿ ಹೊರಬರುತ್ತದೆ.

ಇನ್ನು ಮಳೆ. ಈ ಜಾಗದ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 10 ಲಕ್ಷ ಲೀಟರ್ ನೀರು. ಹೊಲವಾಗಿದ್ದಾಗ ಶೇ. 30 ಹರಿಯುತ್ತಿತ್ತು, ಕಾಂಕ್ರೀಟ್ ಆದ ಮೇಲೆ ಶೇ. 70 ಹರಿಯುತ್ತದೆ ಎಂದು ಭಾವಿಸಿದರೆ, 3 ಲಕ್ಷ ಲೀಟರ್ ಇದ್ದದ್ದು 7 ಲಕ್ಷವಾಗುತ್ತದೆ.

ಈಗ ಕಾನೂನನ್ನು ಗಮನಿಸಿ. ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಅಧಿನಿಯಮ, 1987ರ 32ನೆಯ ಪ್ರಕರಣದಂತೆ, ಹೊಸ ಬಡಾವಣೆ ಮಾಡುವವರಿಂದ ರಸ್ತೆ, ಚರಂಡಿ, ನೀರು, ದೀಪಗಳ ವೆಚ್ಚವನ್ನು ಠೇವಣಿಯಾಗಿ ಪಡೆಯಬಹುದು. ನಮ್ಮ ಟೀಕೆ ಇರುವುದು ಇಲ್ಲಿಯೇ: ಈ ಲೆಕ್ಕ ಬಹುಮಟ್ಟಿಗೆ ನಕ್ಷೆಯ ಗಡಿಯೊಳಗೆ ನಿಲ್ಲುತ್ತದೆ. ನೀರು ನಿಲ್ಲುವುದಿಲ್ಲ. ಹೇಮಾವತಿಯಿಂದ ಹಾಸನಕ್ಕೆ ನೀರು ತರುವ ಕೊಳವೆ, ಶುದ್ಧೀಕರಣ ಘಟಕ, ರಾಜಕಾಲುವೆ ಎಲ್ಲವೂ ಗಡಿಯ ಆಚೆಗಿವೆ. ಮೇಲಾಗಿ, ನಕ್ಷೆಗೆ ಒಪ್ಪಿಗೆ ಕೊಡುವುದು ಪ್ರಾಧಿಕಾರ. ಮುಂದೆ ನಿರ್ವಹಣೆಯ ಹೊರೆ ಬೀಳುವುದು ಸ್ಥಳೀಯ ಸಂಸ್ಥೆ ಅಥವಾ ಗ್ರಾಮ ಪಂಚಾಯಿತಿಯ ಮೇಲೆ. ಹಣ ಸಾಲದೆ ಹೋದರೆ ಕೊಳಚೆ ತಗ್ಗಿನ ಕೆರೆಗೆ ಇಳಿಯುತ್ತದೆ. ಸಾಲ ಮಾಡಿ ಮನೆ ಕಟ್ಟಿದವರು ಟ್ಯಾಂಕರ್ ಕಾಯುತ್ತಾರೆ. ಕೆರೆಯ ಕೆಳಗಿನ ರೈತ ಅದೇ ಕೊಳಚೆಯಲ್ಲಿ ಗದ್ದೆ ಮಾಡುತ್ತಾನೆ.

ಗಡಿಯಾಚೆಯ ವೆಚ್ಚವನ್ನು ವಸೂಲು ಮಾಡಲು ಸಾಧ್ಯವೇ ಇಲ್ಲವೆ? ಬೆಂಗಳೂರಿನಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟ್ ತನಕ ಹೋಯಿತು. ಇಡೀ ನಗರದ ನೀರು, ರಸ್ತೆಗಳ ವಿಸ್ತರಣೆಗಾಗಿ ಬಡಾವಣೆ ನಿರ್ಮಿಸುವವರಿಂದ ಪಾಲು ಪಡೆಯುವ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಅಧಿನಿಯಮದ ಅವಕಾಶವನ್ನು 2012ರಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು.

ಶುಲ್ಕ ಏರಿದರೆ ನಿವೇಶನದ ಬೆಲೆಯೂ ಏರುತ್ತದೆ, ಬಡವರಿಗೆ ಕಷ್ಟ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಇಂದು ಕೊಡದ ವೆಚ್ಚ ಮಾಯವಾಗುವುದಿಲ್ಲ. ನಾಳೆ ಕೊಳವೆಬಾವಿ, ಟ್ಯಾಂಕರ್, ಕಾಯಿಲೆಗಳ ರೂಪದಲ್ಲಿ ಅದೇ ಬಡವರ ಬಳಿಗೆ ಬರುತ್ತದೆ. ಸಣ್ಣ ನಿವೇಶನಗಳಿಗೆ ರಿಯಾಯಿತಿ ಕೊಡಬಹುದು. ಆದರೆ ಎರಡು ಷರತ್ತುಗಳು ಬೇಕು: ಶುಲ್ಕವು ಎಕರೆಗಿಂತ ಬೇಕಾಗುವ ನೀರನ್ನು, ಹೊರಡುವ ಕೊಳಚೆಯನ್ನು ಆಧರಿಸಿರಬೇಕು, ಆ ಹಣ ಪ್ರತ್ಯೇಕ ಖಾತೆಯಲ್ಲಿದ್ದು, ಆ ಕಾಮಗಾರಿಗೇ ಖರ್ಚಾಗಬೇಕು.

ಶಿಕ್ಷಕರೇ, ನಿಮ್ಮ ವಿದ್ಯಾರ್ಥಿಗಳೊಡನೆ ಹತ್ತಿರದ ಬಡಾವಣೆಯೊಂದಕ್ಕೆ ಹೋಗಿ. ನಿವೇಶನಗಳನ್ನು ಎಣಿಸಿ, ಮೇಲಿನ ಲೆಕ್ಕ ಮಾಡಿ, ಚರಂಡಿಯ ಜಾಡು ಹಿಡಿದು ಕೊನೆಯವರೆಗೆ ನಡೆಯಿರಿ. ಕಂಡದ್ದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ.